ವೇಷವೂ ಕಾಯಕವೂ

ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ಬಹುರೂಪಿ ಚೌಡಯ್ಯನೆಂಬ ಮಹಾನುಭಾವನೊಬ್ಬನು ಆಗಿಹೋದನು. ನಾನಾ ವೇಷಗಳನ್ನು ಧರಿಸಿ, ಊರಿಂದೂರಿಗೆ ನಡೆದು, ನೆರೆದ ಜನದೆದುರಿಗೆ ಆಡಿ ತೋರಿಸುವುದೇ ಆತನ ಕಾಯಕ. ‘ರೇಕಣ್ಣಪ್ರಿಯ ನಾಗಿನಾಥ’ ಎಂಬ ಅಂಕಿತದಲ್ಲಿ ಆತನ ವಚನಗಳು ಇಂದಿಗೂ ಉಳಿದುಬಂದಿವೆ. ಮಡಿವಾಳ, ಅಂಬಿಗ, ಮೇದಾರ, ಒಕ್ಕಲಿಗರೊಡನೆ ವೇಷಗಾರನೂ ಒಂದೇ ಪಂಕ್ತಿಯಲ್ಲಿ ಕುಳಿತನೆಂಬುದು ಸಣ್ಣ ಸಂಗತಿಯಲ್ಲ. ಶರಣನಾದ ಮೇಲೂ ಆತನ ಹೆಸರಿನೊಡನೆ ‘ಬಹುರೂಪಿ’ ಎಂಬ ಕಾಯಕದ ಹೆಸರೇ ನಿಂತಿರುವುದನ್ನು ನೋಡಿದರೆ, ಆ ಕಾಯಕವು ಆತನಿಗೆ ಬಿಟ್ಟು ಬರಬೇಕಾದ ಹೊರೆಯಾಗಿರದೆ, ಶಿವಪಥದಲ್ಲಿ ನಡೆಯುವ ಹೆಜ್ಜೆಯೇ ಆಗಿದ್ದಿತೆಂದು ತಿಳಿಯಬಹುದು.

ಚೌಡಯ್ಯನೊಬ್ಬನೇ ಅಲ್ಲ. ಜನರನ್ನು ನಗಿಸುವುದನ್ನು ಕಾಯಕವಾಗಿ ಕೈಕೊಂಡ ನಗೆಯ ಮಾರಿತಂದೆ, ಢಕ್ಕೆಯನ್ನು ನುಡಿಸಿ ಬದುಕಿದ ಢಕ್ಕೆಯ ಬೊಮ್ಮಣ್ಣ, ಕಿನ್ನರಿಯನ್ನು ಮೀಟಿದ ಕಿನ್ನರಿ ಬ್ರಹ್ಮಯ್ಯ, ಇವರೆಲ್ಲರೂ ಶರಣರೇ. ನಗೆ, ನಾದ, ವೇಷ ಈ ಮೂರನ್ನೂ ಶರಣರು ಮನೆಯ ಹೊರಗೆ ನಿಲ್ಲಿಸಲಿಲ್ಲ. ಒಳಗೆ ಕರೆದು ಮಣೆ ಹಾಕಿದರು. ಹೀಗಿರಲು, ಆ ಶರಣರ ಹೆಸರನ್ನು ನಿತ್ಯವೂ ನೆನೆಯುವ ಸದ್ಭಕ್ತರ ಮನೆಗಳಲ್ಲಿ ‘ನಾಟಕದವರು’ ಎಂಬ ಮಾತು ಎಂತಹ ಸ್ವರದಲ್ಲಿ ಹೊರಡುವುದೆಂಬುದನ್ನು ಒಮ್ಮೆ ಪರಾಮರ್ಶಿಸುವುದು ಯುಕ್ತ. ಬೇಡರ ಕಣ್ಣಪ್ಪನು ತನ್ನ ಕಣ್ಣನ್ನು ಕಿತ್ತು ಶಿವನಿಗೆ ಅರ್ಪಿಸುವ ದೃಶ್ಯದಲ್ಲಿ ಕಣ್ಣೀರುಗರೆಯುವ ಗೃಹಸ್ಥನು, ತನ್ನ ಮಗನು ಆ ಕಣ್ಣಪ್ಪನ ಪಾತ್ರವನ್ನು ಕಟ್ಟುವ ವೃತ್ತಿಗೆ ಹೋಗುವೆನೆಂದರೆ ಬೇರೊಂದು ಬಗೆಯ ಕಣ್ಣೀರು ಸುರಿಸುವನು. ಪಾತ್ರಕ್ಕೆ ಕೈ ಮುಗಿಯುವುದು, ಪಾತ್ರಧಾರಿಯನ್ನು ಕಂಡು ಮುಖ ತಿರುಗಿಸುವುದು, ಇದು ಶರಣಮಾರ್ಗವಲ್ಲ.

ಈ ವಿಚಾರಕ್ಕೆ ತುಮಕೂರು ಸೀಮೆಯಲ್ಲಿಯೇ ಒಂದು ದೊಡ್ಡ ದೃಷ್ಟಾಂತವಿದೆ. 1884ರಲ್ಲಿ ಗುಬ್ಬಿಯಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಆ ಊರಿನ ಆರಾಧ್ಯಮೂರ್ತಿಯಾದ ಶ್ರೀ ಚನ್ನಬಸವೇಶ್ವರಸ್ವಾಮಿಯ ನಾಮವನ್ನೇ ಧರಿಸಿ, ಆ ಸ್ವಾಮಿಯ ‘ಕೃಪಾಪೋಷಿತ ನಾಟಕ ಸಂಘ’ವೆಂದು ತನ್ನನ್ನು ಕರೆದುಕೊಂಡಿತು. ಜನರ ಬಾಯಲ್ಲಿ ಅದು ‘ಗುಬ್ಬಿ ಕಂಪೆನಿ’ ಆಯಿತು. ಕೃಪಾಪೋಷಿತ ಎಂಬ ಪದವನ್ನು ಆ ಕಾಲದ ಅನೇಕ ಮಂಡಳಿಗಳು ತಮ್ಮ ಹೆಸರಿನ ಮುಂದಿಟ್ಟುಕೊಂಡಿದ್ದವು. ಓದುವವರು ಅದನ್ನು ಬರಿಯ ಅಲಂಕಾರವೆಂದು ದಾಟಿ ಹೋಗುವರು. ಆದರೆ ಅದರ ಅರ್ಥವು ಆಳವಾದುದು. ಪರದೆ, ಬಂಡಿ, ಪೆಟ್ಟಿಗೆ, ಬಟ್ಟೆಬರೆಗಳ ಒಡೆಯನು ಮನುಷ್ಯನಾಗಿರಬಹುದು. ಪೋಷಿಸುವವನು ಮಾತ್ರ ಬೇರೊಬ್ಬನು. ‘ನಾನು ಮಾಡಿದೆ’ ಎಂಬ ಅಹಂಕಾರವನ್ನು ಹೊಸ್ತಿಲಲ್ಲಿಯೇ ತಡೆಯುವ ಮಾತು ಅದು. ದಾಸೋಹತತ್ತ್ವವು ಹೇಳುವುದೂ ಇದನ್ನೇ ಅಲ್ಲವೆ?

ಈ ಮಂಡಳಿಗೆ ಬಾಲ್ಯದಲ್ಲಿಯೇ ಸೇರಿದ ಗುಬ್ಬಿ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಅವರು ಹಾಸ್ಯಪಾತ್ರಗಳಲ್ಲಿ ಅದ್ವಿತೀಯರೆನಿಸಿದರು. ಬೆಳ್ಳಾವೆ ನರಹರಿಶಾಸ್ತ್ರಿಗಳ ‘ಸದಾರಮೆ’ಯಲ್ಲಿ ಅವರು ವಹಿಸುತ್ತಿದ್ದ ಕಳ್ಳನ ಪಾತ್ರವನ್ನು ನೋಡಲೆಂದೇ ಜನರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. 1930ರ ದಶಕದಲ್ಲಿ ಅವರು ಆಡಿಸಿದ ‘ಕುರುಕ್ಷೇತ್ರ’ದಲ್ಲಿ ಆನೆ, ಕುದುರೆಗಳೇ ರಂಗದ ಮೇಲೆ ಬಂದವು. ಗಂಡಸರೇ ಸ್ತ್ರೀಪಾತ್ರಗಳನ್ನು ವಹಿಸುತ್ತಿದ್ದ ಕಾಲದಲ್ಲಿ ಸ್ತ್ರೀಯರನ್ನು ರಂಗಕ್ಕೆ ತಂದು, ಅವರಿಗೆ ನಟಿಯರೆಂಬ ಗೌರವವನ್ನು ದೊರಕಿಸಲು ಅವರು ಶ್ರಮಿಸಿದರು, ಬಿ. ಜಯಮ್ಮನವರಂತಹ ಅಭಿನೇತ್ರಿಯರು ಆ ರಂಗದಲ್ಲಿ ಬೆಳಗಿದರು. 1955ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ, 1972ರಲ್ಲಿ ಪದ್ಮಶ್ರೀಯೂ ವೀರಣ್ಣನವರಿಗೆ ಸಂದವು. ಅದೇ 1972ರ ಅಕ್ಟೋಬರ್ 18ರಂದು ಅವರು ಲಿಂಗೈಕ್ಯರಾದರು.

ಅವರ ಆತ್ಮಕಥೆಯ ಹೆಸರು ‘ಕಲೆಯೇ ಕಾಯಕ’. ಭಕ್ತರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದುದು ಈ ಹೆಸರನ್ನು. ಕಲೆ ಎಂದರೆ ವಿನೋದವೆಂದೂ, ಕಾಯಕವೆಂದರೆ ದುಡಿಮೆಯೆಂದೂ ಲೋಕವು ಎರಡನ್ನೂ ಬೇರೆ ಮಾಡಿಟ್ಟಿದೆ. ಜೀವಮಾನವೆಲ್ಲ ಮುಖಕ್ಕೆ ಬಣ್ಣ ಬಳಿದುಕೊಂಡವರ ಬದುಕಿಗೆ ಆ ಎರಡನ್ನೂ ಒಂದು ಮಾಡಿದ ಹೆಸರು ದೊರೆತುದು ಸಹಜವೇ ಆಗಿದೆ. ನಟನ ದುಡಿಮೆಯನ್ನು ಹತ್ತಿರದಿಂದ ಕಂಡವರಿಗೆ ಇದರಲ್ಲಿ ಅತಿಶಯೋಕ್ತಿ ತೋರದು. ಹಗಲೆಲ್ಲ ಅಭ್ಯಾಸ, ಇರುಳೆಲ್ಲ ಆಟ. ಜ್ವರವಿದ್ದರೂ ಹಾಡು, ಮನೆಯಲ್ಲಿ ಸಾವಿನ ಸುದ್ದಿ ಬಂದಿದ್ದರೂ ನಗೆ. ಕ್ಯಾಂಪು ಮುಗಿದ ಮರುದಿನ ಗುಡಾರವನ್ನು ಬಿಚ್ಚಿ, ಬಂಡಿಗೇರಿಸಿ, ಮತ್ತೊಂದು ಊರಿನಲ್ಲಿ ಗೂಟ ಹೊಡೆಯಬೇಕು. ಮಳೆ ಹಿಡಿದರೆ ಟಿಕೇಟು ಹೋಗದು. ಟಿಕೇಟು ಹೋಗದಿದ್ದರೆ ಒಲೆ ಉರಿಯದು. ಇಷ್ಟನ್ನು ಸಹಿಸಿಯೂ ರಾತ್ರಿ ಒಂಬತ್ತಕ್ಕೆ ಗಂಟೆ ಬಾರಿಸಿ ಪರದೆ ಎತ್ತುವುದಕ್ಕೆ ನಿಷ್ಠೆಯೆನ್ನದೆ ಬೇರೇನೆನ್ನಬೇಕು?

ಕಾಲಚಕ್ರವು ತಿರುಗಿತು. ಚಲನಚಿತ್ರವು ಬಂದು ಕಂಪೆನಿಗಳ ನಟರನ್ನೂ, ಕಥೆಗಳನ್ನೂ, ಕೊನೆಗೆ ನೋಡುವವರನ್ನೂ ಸೆಳೆದುಕೊಂಡಿತು. ರಂಗದ ಮೇಲೆ ಮೆರೆದಿದ್ದ ಬೇಡರ ಕಣ್ಣಪ್ಪನ ಕಥೆಯನ್ನು 1954ರಲ್ಲಿ ಚಿತ್ರವಾಗಿಸುವುದರಲ್ಲಿ ಗುಬ್ಬಿಯವರ ಸಂಸ್ಥೆಯೇ ಪಾಲುಗೊಂಡಿದ್ದಿತು. ಕಂಪೆನಿ ನಾಟಕಗಳಲ್ಲಿ ಪಳಗಿದ್ದ ರಾಜಕುಮಾರರು ಅದರಿಂದಲೇ ನಾಯಕನಟರಾಗಿ ಬೆಳಕಿಗೆ ಬಂದರು. ಕಂಪೆನಿಗಳು ಒಂದೊಂದಾಗಿ ಕ್ಷೀಣಿಸಿದವು. ಉಳಿದ ಕೆಲವು ಮಂಡಳಿಗಳು ಜನರನ್ನು ಸೆಳೆಯಲೆಂದು ದ್ವಂದ್ವಾರ್ಥದ ಮಾತುಗಳಿಗೆ ಶರಣಾದವು. ಹೀಗೆ ಹಳೆಯ ನಾಟಕಗಳ ಕಾಲವು ಮುಗಿಯಿತೆಂದು ಅನೇಕರು ತೀರ್ಮಾನಿಸಿದರು.

ಆದರೆ ಅವು ಮುಗಿಯಲಿಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು 1976ರಲ್ಲಿ ‘ಸ್ಪಂದನ’ವೆಂಬ ತಂಡವನ್ನು ಕಟ್ಟಿ, ಮುಂದೆ ಅದೇ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದರು. ತಾತನು ಪ್ರಸಿದ್ಧಗೊಳಿಸಿದ್ದ ಕಳ್ಳನ ಪಾತ್ರವನ್ನು ಮೊಮ್ಮಗಳೇ ವಹಿಸಿದರು. ಗಂಡಸು ಸೀರೆ ಉಟ್ಟು ಹೆಣ್ಣಾಗುತ್ತಿದ್ದ ರಂಗದಲ್ಲಿ ಹೆಣ್ಣು ಕಳ್ಳನ ವೇಷ ತೊಟ್ಟು ನಗಿಸಿದಳು. ಗುಬ್ಬಿ ಕಂಪೆನಿಯಲ್ಲಿ ಬಾಲಕನಾಗಿ ಸೇರಿ, ವೀರಣ್ಣನವರ ನೆರವಿನಿಂದಲೇ ಕಾಶಿಗೆ ಹೋಗಿ ವಿದ್ಯೆ ಕಲಿತ ಬಿ. ವಿ. ಕಾರಂತರು, ಕಂಪೆನಿಯ ಸಂಗೀತದ ಸತ್ತ್ವವನ್ನು ಹೊಸ ರಂಗಭೂಮಿಗೆ ತಂದುಕೊಟ್ಟರು. ಹಳೆಯ ಮಟ್ಟುಗಳು ಹೊಸ ಕೊರಳುಗಳಲ್ಲಿ ನುಡಿದವು.

ಇಲ್ಲಿ ವಚನಧರ್ಮದ ಒಂದು ಮುಖ್ಯತತ್ತ್ವವು ಕಣ್ಣಿಗೆ ಕಾಣುವಂತೆ ನಿಲ್ಲುವುದು. ಸ್ಥಾವರ, ಜಂಗಮಗಳ ವಿವೇಚನೆಯನ್ನು ಅರಿಯದ ಭಕ್ತರಿಲ್ಲ. ನೆಟ್ಟಲ್ಲಿಯೇ ನಿಂತುದು ಸ್ಥಾವರ. ಚೈತನ್ಯದಿಂದ ಚಲಿಸುವುದು ಜಂಗಮ. ಕಲ್ಲಿನ ಕಟ್ಟಡವು ಬಿದ್ದರೆ ಜೀರ್ಣೋದ್ಧಾರ ಮಾಡುವರು. ಕಲ್ಲಿಗೆ ಕಲ್ಲು ಜೋಡಿಸಿದರೆ ಹಿಂದಿನ ಗೋಡೆಯೇ ನಿಲ್ಲುವುದು. ನಾಟಕಕ್ಕೆ ಅಂತಹ ಜೀರ್ಣೋದ್ಧಾರವು ಸಲ್ಲದು. ಆಡಿದ ಇರುಳು ಕಳೆದೊಡನೆ ನಾಟಕವೂ ಕಳೆದುಹೋಯಿತು. ಉಳಿದುದು ಹಸ್ತಪ್ರತಿ, ಮಾಸಿದ ಪರದೆ, ಹಿರಿಯರ ನೆನಪು. ಅದು ಮತ್ತೆ ನಾಟಕವಾಗಬೇಕಾದರೆ ಜೀವವಿರುವ ಒಬ್ಬ ಮನುಷ್ಯನು ತನ್ನ ಉಸಿರನ್ನೂ, ದನಿಯನ್ನೂ, ನಡೆಯನ್ನೂ ಅದಕ್ಕೆ ಧಾರೆಯೆರೆಯಬೇಕು. ಆದಕಾರಣ ನಾಟಕದ ಪುನರುಜ್ಜೀವನವು ಜಂಗಮಧರ್ಮಕ್ಕೆ ಸಮೀಪವಾದುದು. ಗುರುವಿನಿಂದ ಶಿಷ್ಯನಿಗೆ, ತಾಯಿಯಿಂದ ಮಗಳಿಗೆ, ಬಾಯಿಂದ ಬಾಯಿಗೆ, ದೇಹದಿಂದ ದೇಹಕ್ಕೆ ನಡೆದರೆ ಮಾತ್ರ ಅದು ಉಳಿಯುವುದು. ವಚನಗಳ ಪಾಡೂ ಹಾಗೆಯೇ. ಓಲೆಗರಿಯ ಕಟ್ಟು ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ಸಾಲದು; ನುಡಿದವನು ಅದರಂತೆ ನಡೆದಾಗಲೇ ವಚನವು ವಚನ.

ಹಾಗಾದರೆ ಹಳೆಯದೆಲ್ಲವನ್ನೂ ಇದ್ದಂತೆಯೇ ಮತ್ತೆ ಆಡಬೇಕೆ? ಹಾಗಲ್ಲ. ಪುರಾಣದ ಕಥೆಯನ್ನು ಎತ್ತಿಕೊಂಡರೂ ಶರಣರು ಅದರ ತಿರುಳನ್ನು ತೆಗೆದು ಹಿಪ್ಪೆಯನ್ನು ಬಿಟ್ಟರು. ಹಳೆಯ ನಾಟಕಗಳಲ್ಲಿ ಹೆಣ್ಣನ್ನು ಹೀಯಾಳಿಸಿ ನಗಿಸುವ ಮಾತುಗಳಿರಬಹುದು. ಕುಲವನ್ನು ಎತ್ತಿ ಆಡಿದ ಕುಹಕಗಳಿರಬಹುದು. ಅವನ್ನು ಬಿಡುವುದರಿಂದ ನಾಟಕಕ್ಕೆ ಲೋಪವಿಲ್ಲ. ನಗೆಯ ಮಾರಿತಂದೆಯು ನಗಿಸುವುದನ್ನು ಕಾಯಕವೆಂದು ಕೈಕೊಂಡನು. ಕಾಯಕವಾದ ಮೇಲೆ ಅದು ಸತ್ಯಶುದ್ಧವಾಗಿರಲೇಬೇಕು. ಒಬ್ಬರ ಮನಸ್ಸನ್ನು ನೋಯಿಸಿ ನೂರು ಮಂದಿಯನ್ನು ನಗಿಸುವುದು ಕಲಬೆರಕೆಯ ಧಾನ್ಯವನ್ನು ಮಾರಿದಂತೆ. ಗಲ್ಲಾ ತುಂಬಬಹುದು, ಕಾಯಕವು ಕೆಡುವುದು.

ವೇಷದ ವಿಚಾರವು ಇನ್ನೂ ಸೂಕ್ಷ್ಮವಾದುದು. ಲಾಂಛನವನ್ನು ಧರಿಸಿ ಅದಕ್ಕೆ ತಕ್ಕ ನಡೆಯಿಲ್ಲದವರನ್ನು ಶರಣರು ಕಟುವಾಗಿ ಖಂಡಿಸಿದರು. ಅವರ ಖಂಡನೆಗೆ ಹೆಚ್ಚು ಗುರಿಯಾದುದು ವೇಷಡಂಭವೇ. ಹೀಗಿದ್ದೂ ವೇಷವನ್ನೇ ಕಾಯಕವಾಗಿಸಿಕೊಂಡ ಚೌಡಯ್ಯನನ್ನು ಅವರು ಒಪ್ಪಿಕೊಂಡುದೇಕೆ? ವಿಚಾರಿಸಿದರೆ ಉತ್ತರವು ಸುಲಭವಾಗಿ ದೊರಕುವುದು. ನಟನು ತಾನು ವೇಷ ಹಾಕಿರುವೆನೆಂದು ಎಲ್ಲರಿಗೂ ತಿಳಿಸಿಯೇ ಹಾಕುವನು. ನೋಡುವವನಿಗೂ ಅದು ಗೊತ್ತು, ಆಡುವವನಿಗೂ ಗೊತ್ತು. ಅಲ್ಲಿ ವಂಚನೆಯಿಲ್ಲ. ಆಟ ಮುಗಿದೊಡನೆ ಕೊಬ್ಬರಿಎಣ್ಣೆ ಹಚ್ಚಿ ಬಣ್ಣವನ್ನು ಒರೆಸಿ, ಕಿರೀಟವನ್ನು ಪೆಟ್ಟಿಗೆಗೆ ಹಾಕಿ, ದುರ್ಯೋಧನನು ಚಾಪೆಯ ಮೇಲೆ ಮಲಗುವನು. ಲೋಕದ ಡಾಂಭಿಕನಾದರೋ ತನ್ನ ಬಣ್ಣವನ್ನು ಒರೆಸುವುದೇ ಇಲ್ಲ. ಹಣೆಯ ಮೇಲೆ ವಿಭೂತಿಯಿಟ್ಟು ತೂಕದಲ್ಲಿ ಮೋಸ ಮಾಡುವನು. ಸಭೆಯಲ್ಲಿ ದಾನಿಯೆಂದು ಹಾರ ಹಾಕಿಸಿಕೊಂಡು, ಮನೆಯ ಆಳಿಗೆ ಕೂಲಿಯನ್ನು ಹಿಡಿದಿಡುವನು. ಇವರಿಬ್ಬರಲ್ಲಿ ಸುಳ್ಳನು ಯಾರು? ರಂಗದ ಮೇಲಿನ ವೇಷವು ಸತ್ಯವನ್ನು ತೋರಿಸುವುದಕ್ಕಾಗಿ ಹಾಕಿದುದು. ಮನೆಯೊಳಗಿನ ವೇಷವು ಸತ್ಯವನ್ನು ಮುಚ್ಚುವುದಕ್ಕಾಗಿ ಹಾಕಿದುದು.

ಮೋಳಿಗೆಯ ಮಾರಯ್ಯನ ಚರಿತ್ರೆಯು ಈ ವಿಚಾರವನ್ನು ಇನ್ನೊಂದು ದಿಕ್ಕಿನಿಂದ ಬೆಳಗುವುದು. ಕಾಶ್ಮೀರದ ಅರಸನಾಗಿದ್ದವನು ಅರಸೊತ್ತಿಗೆಯನ್ನು ತೊರೆದು, ಪತ್ನಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಜಂಗಮದಾಸೋಹ ಮಾಡಿದನೆಂದು ಪರಂಪರೆಯು ಹೇಳುತ್ತ ಬಂದಿದೆ. ನಾಟಕದಲ್ಲಿ ಬಡವನು ಒಂದು ಇರುಳು ಅರಸನಾಗುವನು. ಕಲ್ಯಾಣದಲ್ಲಿ ಅರಸನು ಬಾಳಿನುದ್ದಕ್ಕೂ ಬಡವನಾದನು. ಅರಸುತನವೂ ಒಂದು ವೇಷವೇ ಎಂದು ತಿಳಿದವನಿಗೆ ಮಾತ್ರ ಅದನ್ನು ಕಳಚಿಡುವ ಧೈರ್ಯ ಬರುವುದು. ಈ ಮಾರಯ್ಯನ ಕಥೆಯೇ ನಾಟಕವಾಗಿ, 2019ರ ಆಗಸ್ಟ್ ತಿಂಗಳಿನಲ್ಲಿ ‘ಮತ್ತೆ ಕಲ್ಯಾಣ’ವೆಂಬ ಅಭಿಯಾನದೊಡನೆ ಕರ್ನಾಟಕದ ಜಿಲ್ಲೆಯಿಂದ ಜಿಲ್ಲೆಗೆ ನಡೆಯಿತು. ಅದನ್ನು ಆಡಿದವರು ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಕಲಾವಿದರು.

ಸಾಣೇಹಳ್ಳಿಯ ಸಂಗತಿಯು ಭಕ್ತರೆಲ್ಲರೂ ಅರಿಯತಕ್ಕದ್ದು. ಅಲ್ಲಿ 1987ರಲ್ಲಿ ಶ್ರೀ ಶಿವಕುಮಾರ ಕಲಾಸಂಘವು ಸ್ಥಾಪಿತವಾಯಿತು. 1997ರಲ್ಲಿ ‘ಶಿವಸಂಚಾರ’ವೆಂಬ ತಿರುಗಾಟದ ನಾಟಕ ತಂಡವು ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳವರ ನೇತೃತ್ವದಲ್ಲಿ ಆರಂಭವಾಯಿತು. ಕಲಾವಿದರು ತಿಂಗಳುಗಟ್ಟಲೆ ಅಲ್ಲಿಯೇ ತಂಗಿ, ಮೂರು ನಾಟಕಗಳನ್ನು ಅಭ್ಯಾಸ ಮಾಡಿ, ನಾಟಕೋತ್ಸವದಲ್ಲಿ ಅವನ್ನು ಪ್ರದರ್ಶಿಸಿ, ಅನಂತರ ನಾಡಿನ ಮೇಲೆ ಹೊರಡುವರು. ಮಠವೊಂದು ತನ್ನ ಅಂಗಳದಲ್ಲಿ ರಂಗಮಂದಿರವನ್ನು ಕಟ್ಟಿ, ನಟರಿಗೆ ಅನ್ನವನ್ನಿಕ್ಕಿ, ಅವರನ್ನು ‘ಸಂಚಾರ’ಕ್ಕೆ ಕಳುಹಿಸುವುದು ಬಹುರೂಪಿ ಚೌಡಯ್ಯನಿಗೆ ಎಂಟುನೂರು ವರ್ಷಗಳ ಅನಂತರ ಸಂದ ಶರಣಾರ್ಥಿಯೇ ಸರಿ. ಸಂಚಾರವೆಂಬ ಪದವೂ ಸಾರ್ಥಕವಾದುದು. ಊರಿಗೆ ಬರುವ ಜಂಗಮನಂತೆ ನಾಟಕವು ಬಾಗಿಲಿಗೆ ಬರುವುದು. ಬಂದುದನ್ನು ಬರಮಾಡಿಕೊಳ್ಳುವುದು ಊರಿನವರ ಧರ್ಮ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯ ಗೃಹಸ್ಥರಿಗೆ ನಾಟಕವು ದೂರದ ವಸ್ತುವಲ್ಲ. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಹಳ್ಳಿಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರು ಬಂದು ಕುಳಿತುಕೊಳ್ಳುವರು. ಉಳುವವನು ಭೀಮನಾಗುವನು, ಅಂಗಡಿಯವನು ಶಕುನಿಯಾಗುವನು. ಬಾಡಿಗೆಗೆ ತಂದ ಸೀನರಿಯ ಮುಂದೆ ಜಾತ್ರೆಯ ಇರುಳು ‘ಕುರುಕ್ಷೇತ್ರ’ವು ಬೆಳಗಿನವರೆಗೆ ನಡೆಯುವುದು. ಆಂಧ್ರದ ಗಡಿಯೊಳಗೆ ಚಾಚಿರುವ ಪಾವಗಡದ ಕಡೆ ತೆಲುಗಿನ ಪದ್ಯಕ್ಕೂ ತಲೆದೂಗುವವರುಂಟು. ಗುಬ್ಬಿಯ ಮಂಡಳಿಯೂ ಎರಡೂ ನಾಡುಗಳಲ್ಲಿ ಸಂಚರಿಸಿ ಮೆಚ್ಚುಗೆ ಪಡೆದುದರಿಂದಲೇ ವೀರಣ್ಣನವರಿಗೆ ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎಂಬ ಬಿರುದು ಬಂದಿತು. ಅಂದು ರಂಗಕ್ಕೆ ಗ್ಯಾಸ್‌ಲೈಟಿನ ಬೆಳಕು. ಇಂದು ಅದೇ ಪಾವಗಡದ ತಿರುಮಣಿಯ ಸುತ್ತಲಿನ ಸುಮಾರು 13,000 ಎಕರೆ ಭೂಮಿಯಲ್ಲಿ ‘ಶಕ್ತಿಸ್ಥಲ’ವೆಂಬ ಹೆಸರಿನಿಂದ ಸೂರ್ಯನ ಬಿಸಿಲೇ ವಿದ್ಯುತ್ತಾಗುತ್ತಿದೆ. ದೀಪವು ಯಾವುದಾದರೂ ಆಗಲಿ, ಅದರ ಕೆಳಗೆ ನಿಂತ ಮನುಷ್ಯನ ನಡೆನುಡಿ ಒಂದಾಗಿರಬೇಕೆಂಬ ಮಾತು ಮಾತ್ರ ಬದಲಾಗದು.

ಈ ಗ್ರಾಮನಾಟಕಗಳಲ್ಲಿ ಒಂದು ದೋಷವು ಸೇರಿಕೊಂಡಿದೆ. ಅದನ್ನು ಹೇಳದೆ ಬಿಡುವುದು ಸಲ್ಲದು. ಪಾತ್ರಕ್ಕೆ ಹಣ ಕಟ್ಟುವ ಪದ್ಧತಿಯಿದೆ. ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಮೇಷ್ಟ್ರಿಗೂ, ಸೀನರಿಗೂ, ವಾದ್ಯದವರಿಗೂ ಕೊಡಬೇಕಾದುದರಿಂದ ಎಲ್ಲರೂ ಪಾಲು ಹಾಕುವುದು ನ್ಯಾಯವೇ. ಆದರೆ ದುರ್ಯೋಧನನ ಕಿರೀಟದ ಆಸೆಗೆ ಸಾಲ ಮಾಡಿ, ಹೆಂಡತಿಯ ಕಿವಿಯ ಓಲೆಯನ್ನು ಅಡವಿಟ್ಟು ಪಾತ್ರ ಹಿಡಿಯುವುದು ನ್ಯಾಯವಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಇಲ್ಲಿ ನೆನೆಯಬೇಕು. ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಈ ಆಸೆಯು ಶಿವಭಕ್ತರಿಗೆ ತಕ್ಕುದಲ್ಲವೆಂದು ಹೇಳಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಮಾಡಿದಳು. ಕೈಮೀರಿದುದನ್ನು ತಂದರೂ ದೋಷವೆ, ಕೈಮೀರಿ ಚೆಲ್ಲಿದರೂ ದೋಷವೆ. ಛಲದಂಕಮಲ್ಲನೆಂದು ಒಂದು ರಾತ್ರಿ ಗರ್ಜಿಸಿದವನು ಮುಂದಿನ ಮೂರು ವರ್ಷ ಬಡ್ಡಿ ಕಟ್ಟುತ್ತ ತಲೆ ತಗ್ಗಿಸಿ ನಡೆದರೆ, ಆ ಮನೆಯ ಮಕ್ಕಳಿಗೆ ನಾಟಕವು ಶತ್ರುವಾಗುವುದು. ಊರೊಟ್ಟಿನ ಹಣದಿಂದ ನಾಟಕವಾಡಿ, ಕಂಠವಿದ್ದವನಿಗೆ ಕಂಠಕ್ಕೆ ತಕ್ಕ ಪಾತ್ರವನ್ನು ಕೊಟ್ಟರೆ ಕಲೆಯೂ ಉಳಿಯುವುದು, ಮನೆಯೂ ಉಳಿಯುವುದು.

ವೃತ್ತಿಕಲಾವಿದರ ವಿಷಯದಲ್ಲಿ ಗೃಹಸ್ಥರ ಕರ್ತವ್ಯವು ಬೇರೆ ಬಗೆಯದು. ಹಳೆಯ ನಾಟಕಗಳನ್ನು ಹೊಸದಾಗಿ ಕಟ್ಟಿ ತಂಡವೊಂದು ಊರಿಗೆ ಬಂದಾಗ, ‘ಹಿಂದಿನ ಕಾಲದ್ದು, ಎಷ್ಟು ಸೊಗಸು’ ಎಂದು ಕೊಂಡಾಡುವವರು ಬಹುಮಂದಿ; ಟಿಕೇಟು ಕೊಳ್ಳುವವರು ಕೆಲವೇ ಮಂದಿ. ಪರಿಚಯ ಹೇಳಿ ಬಿಟ್ಟಿಯಾಗಿ ಒಳಗೆ ಹೋಗುವುದನ್ನು ಗೌರವವೆಂದು ಎಣಿಸುವವರೂ ಉಂಟು. ಅಂಗಡಿಯಲ್ಲಿ ಅಕ್ಕಿಯನ್ನು ಬಿಟ್ಟಿ ಬೇಡಲು ನಾಚುವವನು, ನಟನ ಇರುಳಿಡೀ ದುಡಿಮೆಯನ್ನು ಬಿಟ್ಟಿ ಬೇಡಲು ನಾಚದಿರುವುದು ವಿಚಿತ್ರ. ಕಾಯಕಕ್ಕೆ ತಕ್ಕ ಪ್ರತಿಫಲವನ್ನು ಸಲ್ಲಿಸುವುದು ದಾನವಲ್ಲ, ಋಣಸಂದಾಯ. ದಾಸೋಹವು ಆ ಋಣ ತೀರಿದ ಮೇಲೆ ಆರಂಭವಾಗುವುದು: ತಂಡಕ್ಕೆ ಒಂದು ಹೊತ್ತಿನ ಪ್ರಸಾದ, ಮಲಗಲು ಸ್ಥಳ, ವೃದ್ಧ ಕಲಾವಿದನಿದ್ದರೆ ಆತನಿಗೊಂದು ಶಾಲು ಮತ್ತು ಶಾಲಿನೊಡನೆ ತಿಂಗಳು ಕಳೆಯುವಷ್ಟು ದಿನಸಿ. ಬರಿಯ ಶಾಲಿನಿಂದ ಹಸಿವು ಹಿಂಗದು.

ಸ್ತ್ರೀಯರ ಮಾತೂ ಇದರಲ್ಲಿ ಸೇರಿದೆ. ನಾಟಕದಲ್ಲಿ ಅಭಿನಯಿಸಿದ ಹೆಣ್ಣುಮಕ್ಕಳು ಒಂದು ಕಾಲದಲ್ಲಿ ಎಷ್ಟು ನಿಂದೆಯನ್ನು ಹೊತ್ತರೆಂಬುದು ಹಿರಿಯರಿಗೆ ತಿಳಿದ ಸಂಗತಿ. ಅಕ್ಕಮಹಾದೇವಿ, ಸತ್ಯಕ್ಕ, ಲಕ್ಕಮ್ಮರ ಮಾತನ್ನು ತಲೆಬಾಗಿ ಕೇಳಿದ ಪರಂಪರೆಯವರು, ನಾಲ್ಕು ಮಂದಿಯ ಎದುರಿಗೆ ದನಿಯೆತ್ತಿ ಹಾಡಿದಳೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳ ಶೀಲವನ್ನು ಶಂಕಿಸಿದರೆ ಅದು ಶರಣರಿಗೆ ಮಾಡಿದ ಅಪಚಾರವೇ. ಮನೆಯ ಮಗಳಿಗೆ ಕಂಠವಿದ್ದು, ರಂಗದ ಮೇಲೆ ಅವಳಿಗೆ ಪ್ರೀತಿಯಿದ್ದರೆ, ತಂದೆತಾಯಿಗಳು ಮೊದಲು ವಿಚಾರಿಸಬೇಕಾದುದು ತಂಡದವರು ಸಜ್ಜನರೆ, ದುಡಿಮೆ ಶುದ್ಧವೆ, ಮಾತು ಶುದ್ಧವೆ ಎಂಬುದನ್ನು. ‘ನೆರೆಯವರು ಏನೆನ್ನುವರು’ ಎಂಬುದು ಕೊನೆಯ ಪ್ರಶ್ನೆಯಾಗಲಿ.

ಗೃಹಸ್ಥನ ಬಾಳಿನಲ್ಲಿಯೂ ವೇಷಗಳು ಹಲವು. ಮಗನಾಗಿ, ಪತಿಯಾಗಿ, ತಂದೆಯಾಗಿ, ವ್ಯಾಪಾರಿಯಾಗಿ, ಪಂಚಾಯಿತಿಯ ಸದಸ್ಯನಾಗಿ ಅವನು ದಿನಕ್ಕೆ ಹತ್ತು ಸಲ ಮಾತಿನ ದಾಟಿಯನ್ನು ಬದಲಿಸುವನು. ಬದಲಿಸುವುದು ತಪ್ಪಲ್ಲ, ಒಂದೊಂದು ಸ್ಥಾನಕ್ಕೆ ಒಂದೊಂದು ನಡೆ ಬೇಕು. ಬಹುರೂಪಿಯ ಬದುಕಿನಿಂದ ಕಲಿಯಬೇಕಾದುದು ಇಷ್ಟು: ರೂಪಗಳು ಬಹುವಾದರೂ ಒಳಗೆ ನಿಂತವನು ಒಬ್ಬನೇ ಆಗಿರಬೇಕು, ಅವನು ಅಂಗೈಯ ಇಷ್ಟಲಿಂಗದೆದುರು ದಿನಕ್ಕೊಮ್ಮೆಯಾದರೂ ಬಣ್ಣವಿಲ್ಲದ ಮುಖದಿಂದ ಕುಳಿತುಕೊಳ್ಳಬೇಕು. ಆ ಹೊತ್ತಿನಲ್ಲಿ ಹಾಡುವ ಪದ್ಯವಿಲ್ಲ, ಚಪ್ಪಾಳೆಯೂ ಇಲ್ಲ. ಹಾಗೆ ಕುಳಿತು ಎದ್ದವನು ಸಂಜೆ ರಂಗದ ಮೇಲೆ ಯಾವ ವೇಷ ಹಾಕಿದರೂ ಅದು ಕಾಯಕವಾಗುವುದು. ಆ ಕಾಯಕವು ಲಿಂಗಾರ್ಪಿತವಾಗುವುದು.

ಸುಗ್ಗಿಯ ಇರುಳುಗಳಲ್ಲಿ ಹಳೆಯ ನಾಟಕವು ಮತ್ತೆ ಊರಿಗೆ ಬಂದಾಗ ಭಕ್ತರು ಸಂಸಾರಸಮೇತರಾಗಿ ಹೋಗಿ ನೋಡಲಿ, ಸಲ್ಲಬೇಕಾದುದನ್ನು ಸಲ್ಲಿಸಲಿ, ಆಟ ಮುಗಿದ ಮೇಲೆ ಪರದೆಯ ಹಿಂದಕ್ಕೆ ಹೋಗಿ, ಬಣ್ಣ ಒರೆಸಿಕೊಳ್ಳುತ್ತಿರುವ ಆ ಕಾಯಕಜೀವಿಗೆ ‘ಶರಣು’ ಎಂದು ಒಂದು ಮಾತನ್ನಾಡಿ ಬರಲಿ.